ದೇವರಿಗೊಂದು ಲಗ್ನಪತ್ರಿಕೆ

ನಮ್ಮ ದೇವರ ಗೂಡಿನಲ್ಲಿ, ವಿಭೂತಿಯ ತಟ್ಟೆಗೆ ಒರಗಿಕೊಂಡು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿಸಿಕೊಂಡ ಅಕ್ಕನ ಲಗ್ನಪತ್ರಿಕೆಯೊಂದು ನಿಂತಿತ್ತು. ಮೊದಲನೆಯದು ದೇವರಿಗೆ, ಆಮೇಲೆ ನೆಂಟರಿಗೆ ಎನ್ನುವುದು ನಿಮ್ಮ ಮನೆಯ ಪದ್ಧತಿಯೂ ಇರಬಹುದು. ನಮ್ಮಲ್ಲಿ ಈ ಸಲ ಮೊದಲನೆಯದೇ ಕೊನೆಯದು, ಮಿಕ್ಕವರಿಗೆಲ್ಲ ವಾಟ್ಸಾಪ್.

ಅದನ್ನು ಅಚ್ಚು ಮಾಡಿದವರು ಅಪ್ಪನ ತಂಗಿ, ಗಿರಿಜತ್ತೆ. ನಮ್ಮೂರಿನ ದುರ್ಗಿಗುಡಿ ಬೀದಿಯಲ್ಲಿ ಅವರದೊಂದು ಪುಟ್ಟ ಪ್ರೆಸ್ಸು. ಪಕ್ಕದ ಭದ್ರಾವತಿಯ ಮದುವೆಗಳೂ ಅಲ್ಲಿಂದಲೇ ಹೊರಡುತ್ತಿದ್ದವು. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು, ಎಲ್ಲರಿಗೂ ಪತ್ರಿಕೆಯನ್ನೇ ಅಚ್ಚು ಹಾಕಿಸೋಣವೆಂದು ಮನೆಯಲ್ಲಿ ವಾದ ಹೂಡಿದೆ: ಹಳೆಯ ಕಸುಬು ಹೋದರೆ ಹೊಸದು ಬರುತ್ತದೆ ಎನ್ನುವವರು, ಕಳೆದುಕೊಳ್ಳುವವರೂ ಪಡೆಯುವವರೂ ಬೇರೆಬೇರೆ ಎಂಬುದನ್ನು ಮಾತ್ರ ಹೇಳುವುದಿಲ್ಲ, ಪತ್ರಿಕೆಯ ಕಾಗದಕ್ಕಾಗಿ ಮರದ ಪರ ಮರುಗುವವರೇ ಮದುವೆಯೂಟಕ್ಕೆ ಕಾಗದದ ಲೋಟ ತರಿಸುತ್ತಾರೆ. ಅಪ್ಪ ಎಲ್ಲವನ್ನೂ ಒಪ್ಪಿದರು. "ನೀನು ಹೇಳೋದು ಸರಿ ಕಣಮ್ಮ. ಆದ್ರೆ ಮನೆಮನೆಗೂ ಹೋಗಿ ಕೊಡೋರು ಯಾರು?" ವಾದ ನಾನು ಗೆದ್ದೆ, ಸೋತದ್ದು ಪ್ರೆಸ್ಸು.

ಒಂದೇ ಪತ್ರಿಕೆಯ ಆರ್ಡರು ಕೇಳಿ ಅತ್ತೆ ನಕ್ಕರು. "ಒಂದಕ್ಕೂ ಅದೇ ಅಚ್ಚಿನ ಪ್ಲೇಟು, ಐನೂರಕ್ಕೂ ಅದೇ. ಆ ದೇವ್ರಿಗೂ ಒಂದು ನಂಬರ್ ಕೊಡ್ಸಿಬಿಡು ಮಾರಾಯ್ತಿ, ನಂಗೂ ಬಿಡುವಾಗುತ್ತೆ." ಯಂತ್ರವನ್ನು ಮಾಚೇನಹಳ್ಳಿಯ ಗುಜರಿಯವನಿಗೆ ಮಾರಲು ಮಾತಾಡಿಯಾಗಿತ್ತೆಂದು, ನಮ್ಮದೇ ಅದರ ಕೊನೆಯ ಕೆಲಸವೆಂದು ಅವರು ಹೇಳಲಿಲ್ಲ.

ಮುಂದಿನ ವಾರ ನಾನು ಹೋದಾಗ ಯಂತ್ರವಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಉಳಿದಿತ್ತು. ಮೇಜಿನ ಗಾಜಿನಡಿ ಅಕ್ಕನದೇ ಇನ್ನೊಂದು ಪತ್ರಿಕೆ.

"ಎರಡು ತೆಗ್ದೆ ಕಣೇ," ಎಂದರು ಅತ್ತೆ. "ನಿಮ್ಮಪ್ಪ ಫೋನಿಗೆ ಕಳಿಸಿದಾನೆ. ಮೂಲೇಲಿ ಅರಿಶಿನದ ಚಿತ್ರಾನೂ ಇದೆ, ಚೆನ್ನಾಗೇ ಇದೆ. ಆದ್ರೂ ತವರಿನ ಮದುವೆ ಅಲ್ವಾ? ಕೈಗೆ ಅಂತ ಒಂದು ಇರ್ಲಿ ಅಂತ ನಾನೇ ಇಟ್ಕೊಂಡೆ."

ಕರೆಯದಿದ್ದರೂ ಮನೆಯಲ್ಲೇ ಇರುವ ದೇವರನ್ನು ಅರಿಶಿನ ಹಚ್ಚಿ ಕರೆದಿದ್ದೆವು; ಕರೆಯಲೇಬೇಕಾದ ಮನೆಮಗಳು, ಅತ್ತೆ, ತಮ್ಮನ್ನು ತಾವೇ ಕರೆದುಕೊಂಡಿದ್ದರು.

ಮನೆಗೆ ಬಂದವಳೇ ಗೂಡಿನಿಂದ ಪತ್ರಿಕೆ ತೆಗೆದು ಅಪ್ಪನ ಕೈಗಿಟ್ಟೆ. "ಅತ್ತೆ ಮನೆಗೆ ಹೋಗಿ, ಕೊಟ್ಟು, ಕರೆದು ಬನ್ನಿ."

"ದೇವ್ರದ್ದು ಕಣೇ ಇದು. ದೇವ್ರಿಗೆ?"

"ವಾಟ್ಸಾಪ್ ಮಾಡಿ."

ಅಪ್ಪ ನಗಲಿಲ್ಲ. ಪತ್ರಿಕೆಯನ್ನು ತಿರುವಿ, ಹಿಂಬದಿಯ ಕೆಳಗೆ ಸಣ್ಣಕ್ಷರದಲ್ಲಿದ್ದ ತಂಗಿಯ ಪ್ರೆಸ್ಸಿನ ಹೆಸರನ್ನು ಓದಿ, ಚಪ್ಪಲಿ ಮೆಟ್ಟಿಕೊಂಡರು. ಗೂಡಿನಲ್ಲಿ ಪತ್ರಿಕೆಯಿದ್ದ ಜಾಗ ಈಗ ಬರಿದಾಗಿದೆ. ವಿಭೂತಿ ತಟ್ಟೆಯ ಅಂಚಿಗೆ ಮಾತ್ರ ಒಂದಿಷ್ಟು ಅರಿಶಿನ ಹತ್ತಿಕೊಂಡಿದೆ.