ದಕ್ಷಿಣಾಮೂರ್ತಿಯವರು ಪಾಸು ಮಾಡಿದ ರೈಫಲ್

ದಿಲ್ಲಿಯ ದ್ವಾರಕಾದ ಆ ಹೌಸಿಂಗ್ ಸೊಸೈಟಿಯಲ್ಲಿ ಯಾರ ಮನೆಗೆ ಹೊಸ ಸಾಮಾನು ಬಂದರೂ ಮೊದಲು ಕರೆ ಹೋಗುತ್ತಿದ್ದುದು ಮೂರನೇ ಮಹಡಿಯ ದಕ್ಷಿಣಾಮೂರ್ತಿಯವರಿಗೆ. ಮಿಕ್ಸಿಯಾಗಲಿ, ಗೀಸರ್ ಆಗಲಿ, ಮಕ್ಕಳ ಸೈಕಲ್ಲಾಗಲಿ, ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, "ಪಾಸು" ಅನ್ನಬೇಕು. ಆಮೇಲೆಯೇ ಅದರ ಬಳಕೆ. ಆಯುಸ್ಸನ್ನೆಲ್ಲ ಸರ್ಕಾರಿ ಬಂದೂಕುಗಳ ತಪಾಸಣೆಯಲ್ಲಿ ಕಳೆದು ನಿವೃತ್ತರಾದ ಮನುಷ್ಯ. ಅವರ ಮುದ್ರೆ ಬೀಳದೆ ಒಂದು ರೈಫಲ್ಲೂ ಗೇಟು ದಾಟುತ್ತಿರಲಿಲ್ಲ. ನಿವೃತ್ತಿಯ ದಿನ ಮುದ್ರೆ ಆಫೀಸಿನಲ್ಲೇ ಉಳಿಯಿತು, ಚಟ ಮಾತ್ರ ಮನೆಗೆ ಬಂತು. ಮಗಳು ಹುಟ್ಟಿದಾಗ ನರ್ಸು ಕೈಗಿತ್ತ ಕೂಸಿನ ಕೈಕಾಲು ಬೆರಳನ್ನೆಲ್ಲ ನೋಡಿ "ಪಾಸು" ಅಂದಿದ್ದರೆಂದು ಹೆಂಡತಿ ದೇವಕಿ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಾರೆ.

ಆ ಕೂಸೇ ಸ್ಫೂರ್ತಿ. ಈಗ ಗುರಗಾಂವ್‌ನ ಕಂಪನಿಯೊಂದರಲ್ಲಿ ಕೆಲಸ, ಶನಿವಾರ ಭಾನುವಾರ ಬಂತೆಂದರೆ ಅರಾವಳಿ ಗುಡ್ಡದ ಬದಿಯ ಶೂಟಿಂಗ್ ರೇಂಜು. ರಾಜಕುಮಾರಿಯ ಕತೆ ಹೇಳಬೇಕಾದ ವಯಸ್ಸಿನಲ್ಲಿ ಅಪ್ಪ ಬಂದೂಕಿನ ಕತೆ ಹೇಳಿ ಮಲಗಿಸಿದರೆ ಮಗಳು ಮತ್ತೇನಾಗುತ್ತಾಳೆ? ವರ್ಷಗಟ್ಟಲೆ ಕ್ಲಬ್ಬಿನ ಹಳೇ ರೈಫಲ್ಲಿನಲ್ಲಿ ಅಭ್ಯಾಸ ಮಾಡಿದವಳು ಎರಡು ಸಾವಿರದ ಏಳರ ಬೇಸಿಗೆಯಲ್ಲಿ, ಲೈಸೆನ್ಸಿಗಾಗಿ ಅಲೆದೂ ಅಲೆದೂ, ಕಡೆಗೆ ತನ್ನದೇ ಒಂದು ರೈಫಲ್ ತಂದಳು. ಹೊರದೇಶದ ಕಾರ್ಖಾನೆಯದು, ಪೆಟ್ಟಿಗೆಯಿಂದ ಈಗಷ್ಟೇ ಎದ್ದು ಬಂದದ್ದು. ದಕ್ಷಿಣಾಮೂರ್ತಿಯವರು ಅವತ್ತು ಮಧ್ಯಾಹ್ನದ ಊಟವನ್ನೂ ಮರೆತು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕಣ್ಣಲ್ಲಿ ನೀರು ತಂದುಕೊಂಡು "ಪಾಸು ಕಣೇ ಪುಟ್ಟೀ" ಅಂದರು. ಎಷ್ಟೋ ವರ್ಷಗಳ ಮೇಲೆ ಕೈಗೆ ಬಂದೂಕು ಬಂದಿತ್ತಲ್ಲ, ಪಾಪ.

ಬೇಸಿಗೆಯೂ ಮಳೆಗಾಲವೂ ಸೊಗಸಾಗಿ ಕಳೆದವು. ತೊಂದರೆ ಶುರುವಾದದ್ದು ದೀಪಾವಳಿ ಆದಮೇಲೆ. ಬೆಳಿಗ್ಗೆ ಬೆಳಿಗ್ಗೆ ಸ್ಫೂರ್ತಿ ಗುರಿಯಿಟ್ಟು, ಉಸಿರು ಹಿಡಿದು, ಟ್ರಿಗರ್ ಒತ್ತಿದರೆ ಗುಂಡು ಹಾರುವುದಿಲ್ಲ. "ಟಿಕ್" ಅಂತ ಒಂದು ಸತ್ತ ಸದ್ದು, ಅಷ್ಟೆ. ಎಲ್ಲ ಸಲವೂ ಅಲ್ಲ, ಹತ್ತಕ್ಕೆ ಎರಡೋ ಮೂರೋ. ಆದರೆ ಯಾವುದು ಹಾರುತ್ತದೆ, ಯಾವುದು ಹಾರುವುದಿಲ್ಲ ಅಂತ ಗೊತ್ತಿಲ್ಲದೆ ಗುರಿಯಿಡುವುದು ಹೇಗೆ? ಅವಳ ಎದೆ ಮೊದಲೇ ಡವಗುಟ್ಟತೊಡಗಿತು, ಅಂಕ ಬಿತ್ತು. ಡಿಸೆಂಬರಿನಲ್ಲಿ ರಾಜ್ಯ ತಂಡದ ಆಯ್ಕೆ ಬೇರೆ. ಎರಡು ವರ್ಷ ಕೂದಲೆಳೆಯಲ್ಲಿ ತಪ್ಪಿಹೋದ ಆಯ್ಕೆ ಅದು.

ರೇಂಜಿನಲ್ಲಿ ಸಲಹೆಗೇನು ಬರವೇ? ಎಲ್ಲರ ಬಾಯಲ್ಲೂ ಒಂದೇ ಮಾತು. ಕಾರ್ಖಾನೆಯಿಂದ ಬಂದದ್ದು ಹಸಿ ಮಾಲು, ಒಳ್ಳೇ ಮಿಸ್ತ್ರಿಯ ಕೈಯಲ್ಲಿ ಹದ ಮಾಡಿಸದೆ ಅದನ್ನು ನಂಬಬಾರದು. ಕರೋಲ್ ಬಾಗಿನ ಗಲ್ಲಿಯಲ್ಲಿ ಒಬ್ಬ ನಸೀರ್ ಮಿಯಾ ಇದ್ದಾನೆ, ಟ್ರಿಗರ್ ಬಿಚ್ಚಿ, ಅರ ಹಾಕಿ, ಸ್ಪ್ರಿಂಗ್ ಬದಲಾಯಿಸಿ ಕೊಡುತ್ತಾನೆ, ಆಮೇಲೆ ನೋಡು.

ಇದನ್ನು ಮನೆಯಲ್ಲಿ ಹೇಳಿದ್ದೇ ತಡ, ದಕ್ಷಿಣಾಮೂರ್ತಿಯವರ ಕೈಲಿದ್ದ ಕಾಫಿ ಲೋಟ ಟಕ್ಕೆಂದು ಟೀಪಾಯಿಯ ಮೇಲೆ ಕೂತಿತು.

"ಅರ ಹಾಕ್ತಾನಾ! ಅಳೆದು, ತೂಗಿ, ಹೊಡೆದು ನೋಡಿ ಮುದ್ರೆ ಒತ್ತಿ ಕಳಿಸಿರೋ ವಸ್ತು ಕಣೇ ಅದು. ಟ್ರಿಗರ್ ಹಗುರ ಬೇಕು ಅಂದ್ರೆ ಮಾಡಿಸ್ಕೋ, ಅದು ಅವರವರ ರುಚಿ. ಆದ್ರೆ ಒತ್ತಿದ್ರೆ ಹಾರಬೇಕು, ಅದು ಕಾರ್ಖಾನೆಯವನ ಧರ್ಮ. ಅದಕ್ಕೆ ಯಾವ ಮಿಸ್ತ್ರೀನೂ ಬೇಡ."

"ಅಪ್ಪಾ, ಧರ್ಮ ಗಿರ್ಮ ನಂಗೊತ್ತಿಲ್ಲ. ಹಾರ್ತಾ ಇಲ್ಲ. ಬಸ್, ಇತ್ನೀ ಸೀ ಬಾತ್, ಅಷ್ಟೇ."

"ಹಾಗಾದ್ರೆ ನಾನೇ ಬಂದು ನೋಡ್ತೀನಿ."

ನೋಡಲು ಹೋದರು. ಆದರೆ ಹೊರಟದ್ದು ಯಾವಾಗ? ಪೂಜೆ ಮುಗಿಸಿ, ತಿಂಡಿ ತಿಂದು, ಮಂಕಿ ಟೋಪಿ ಹಾಕಿಕೊಂಡು, ಮಂಜು ಕರಗಿ ಬಿಸಿಲು ಚೆನ್ನಾಗಿ ಏರಿದ ಮೇಲೆ. ರೇಂಜಿನ ಕಟಕಟೆಯ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಆ ಬಿಸಿಲಿನಲ್ಲಿ ರೈಫಲ್ಲು ಒಂದೂ ತಪ್ಪದೆ ಪಟಪಟನೆ ಹಾರಿಸಿತು. ಮುದ್ರೆಯ ಮಾನ ಉಳಿಯಿತೆಂಬ ಖುಷಿಯಲ್ಲಿ ಅವರ ನಾಲಿಗೆ ಜಾರಿತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದುಬಿಟ್ಟರು. ಅದೂ ನಗುನಗುತ್ತಾ.

ಸ್ಫೂರ್ತಿ ರೈಫಲ್ಲನ್ನು ಚೀಲಕ್ಕೆ ಹಾಕಿ ಸರ್ರನೆ ಜಿಪ್ ಎಳೆದಳು. ದಾರಿಯುದ್ದಕ್ಕೂ ಕಾರಿನಲ್ಲಿ ಎಫ್‌ಎಂ ಮಾತ್ರ ಮಾತಾಡಿತು. ಮರುದಿನ ಬೆಳಿಗ್ಗೆ ಒಬ್ಬಳೇ ಹೋದಳು, ಮತ್ತೆ ಅದೇ "ಟಿಕ್". ಸಂಜೆ ಊಟಕ್ಕೆ ಕೂತಾಗ ತಲೆಯೆತ್ತದೆ ಹೇಳಿದಳು: "ನಸೀರ್ ಮಿಯಾಗೆ ಫೋನ್ ಮಾಡಿದ್ದೀನಿ. ಶನಿವಾರ ಕೊಡ್ತೀನಿ, ಸಂಜೇನೇ ವಾಪಸ್ ಕೊಡ್ತಾನಂತೆ. ಭಾನುವಾರ ಸೆಲೆಕ್ಷನ್."

"ಹಿಂದಿನ ದಿನ ಟ್ರಿಗರ್ ಬದಲಾಯಿಸ್ತೀಯಾ? ಬೆರಳಿಗೆ ಅಭ್ಯಾಸ ಆಗೋದು ಯಾವಾಗ? ಮ್ಯಾಚ್ ಹೋಗುತ್ತೆ ಕಣೇ!"

"ಹೀಗೇ ಬಿಟ್ರೂ ಹೋಗುತ್ತೆ. ನಿನ್ನ ಮುದ್ರೆ ನಿನ್ನ ಆಫೀಸಿಗೆ ಸರಿ, ಅಪ್ಪಾ. ಇದು ನನ್ನ ಮ್ಯಾಚ್."

ದಕ್ಷಿಣಾಮೂರ್ತಿಯವರು ಸಾರನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದರು. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಿದರೇ? ಊರಿನ ಗೀಸರಿಗೆಲ್ಲ ಬೇಕಾದ ಅಪ್ಪ ಮಗಳ ರೈಫಲ್ಲಿಗೆ ಬೇಡವಾದ. ಹಾಗಂತ ಅವರಿಗೆ ಕೋಪವೂ ಬಂತು, ದುಃಖವೂ ಬಂತು. ಎರಡಕ್ಕಿಂತ ಹೆಚ್ಚಾಗಿ ಭಯ ಬಂತು. ಒಂದು ವೇಳೆ ಅವಳೇ ಸರಿಯಾಗಿದ್ದರೆ? ಪೆಟ್ಟಿಗೆಯಿಂದ ಬಂದ ಬಂದೂಕನ್ನು ಮಿಸ್ತ್ರಿ ತಿದ್ದಿದ ಮೇಲೇ ನಂಬಬೇಕು ಅನ್ನುವುದು ನಿಜವಾದರೆ, ತಾನು ಜೀವಮಾನವಿಡೀ ಒತ್ತಿದ ಮುದ್ರೆಗೆ ಏನರ್ಥ? ಅವನ್ನು ಹೆಗಲಿಗೇರಿಸಿಕೊಂಡು ಗಡಿಗೆ ಹೋದ ಹುಡುಗರ ಗತಿ? ಆ ವಾರವಿಡೀ ಅವರು ಯಾರ ಮನೆಯ ಸಾಮಾನನ್ನೂ ಪಾಸು ಮಾಡಲಿಲ್ಲ. ಎದುರು ಮನೆಯ ಹೊಸ ಟೋಸ್ಟರು ಡಬ್ಬದಲ್ಲೇ ಕಾಯಿತು.

ಶನಿವಾರ ಬಂತು. ಶನಿವಾರವೆಂದರೆ ದಕ್ಷಿಣಾಮೂರ್ತಿಯವರಿಗೆ ಎಣ್ಣೆ ಸ್ನಾನ, ದಿಲ್ಲಿಯ ಎಂಥ ಚಳಿಗೂ ಅದು ತಪ್ಪಿದ್ದಿಲ್ಲ. ಟವಲ್ ಉಟ್ಟು, ಗಡಗಡ ನಡುಗುತ್ತಾ ಮಣೆಯ ಮೇಲೆ ಕೂತಿದ್ದರು. ದೇವಕಿ ಎಣ್ಣೆ ಬಾಟಲಿಗೆ ಚಮಚದ ಹಿಡಿ ತೂರಿಸಿ ಅಗೆಯುತ್ತಿದ್ದರು. ತಿಪಟೂರಿನ ಗಾಣದ ಕೊಬ್ಬರಿ ಎಣ್ಣೆ, ನವರಾತ್ರಿಗೆಂದು ತಂಗಿಯ ಮನೆಯವರು ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ತಂದುಕೊಟ್ಟದ್ದು. ಬೆಳ್ಳಗೆ ಕಲ್ಲಾಗಿ ಕೂತಿತ್ತು.

"ಏನ್ರೀ ಇದು, ಊರಲ್ಲಿ ನೀರಿನ ಹಾಗಿರುತ್ತೆ, ಇಲ್ಲಿ ಬಂದ್ರೆ ಮೇಣ. ಮಧ್ಯಾಹ್ನ ಬಾಲ್ಕನಿ ಬಿಸಿಲಿಗಿಟ್ರೆ ಮಾತ್ರ ಒಂದು ಗಳಿಗೇಲಿ ಕರಗುತ್ತೆ. ನೀವು ನೋಡಿದ್ರೆ ಬೆಳಗಾಗೆದ್ದು ಎಣ್ಣೆ ಅಂತ ಕೂರ್ತೀರಿ. ಇರಿ, ಒಲೆ ಮೇಲೆ ಹಿಡೀತೀನಿ."

"ಏನಂದೆ?"

"ಒಲೆ ಮೇಲೆ ಅಂದೆ."

"ಅದಲ್ಲ. ಮಧ್ಯಾಹ್ನ ಕರಗುತ್ತೆ ಅಂದ್ಯಲ್ಲ." ದಕ್ಷಿಣಾಮೂರ್ತಿಯವರು ಬಾಟಲಿಯನ್ನೇ ನೋಡಿದರು. ಬೆಳಿಗ್ಗೆ ಕಲ್ಲು, ಮಧ್ಯಾಹ್ನ ನೀರು. ಬೆಳಿಗ್ಗೆ "ಟಿಕ್", ಮಧ್ಯಾಹ್ನ ಪಟಪಟ. ಅವರಿಗೆ ಆಯುಧಪೂಜೆಯ ದಿನ ನೆನಪಾಯಿತು. ದೇವರ ಮುಂದೆ ದೇವಕಿಯ ಹೊಲಿಗೆ ಯಂತ್ರ, ಈಳಿಗೆಮಣೆ, ತಮ್ಮ ಸ್ಕ್ರೂಡ್ರೈವರುಗಳು, ಅವುಗಳ ನಡುವೆ ಸೇವಂತಿಗೆ ಹಾರ ಹಾಕಿಕೊಂಡ ಮಗಳ ರೈಫಲ್ಲು. ಅಮ್ಮ ಮಾಡುತ್ತಿದ್ದಂತೆ ಎಲ್ಲ ಆಯುಧಗಳ ಕೀಲಿಗೂ ಊರಿನ ಎಣ್ಣೆ ಒಂದು ತೊಟ್ಟು. ಮಗಳದೆಂಬ ಮೋಹಕ್ಕೆ ರೈಫಲ್ಲಿನಲ್ಲಿ ಗುಂಡಿಗೆ ಬಡಿಯುವ ಸೂಜಿಯಿರುವ ಬೋಲ್ಟಿನೊಳಕ್ಕೆ ಮಾತ್ರ ಧಾರಾಳವಾಗಿ ಸುರಿದ ಕೈ ಯಾರದು? ತಮ್ಮದೇ!

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡು ಎದ್ದರು. ಅಷ್ಟರಲ್ಲಿ ಬಾಗಿಲು ಮುಚ್ಚಿದ ಸದ್ದು. ಸ್ಫೂರ್ತಿ ರೈಫಲ್ ಚೀಲ ಹೆಗಲಿಗೇರಿಸಿ ಕರೋಲ್ ಬಾಗಿಗೆ ಹೊರಟಿದ್ದಳು. ದಕ್ಷಿಣಾಮೂರ್ತಿಯವರು ಟವಲ್ಲಿನಲ್ಲೇ ಮೆಟ್ಟಿಲಿಳಿದು ಓಡಿದರು. "ರೀ, ಶಾಲಾದ್ರೂ ಹೊದ್ಕೊಳ್ಳಿ!" ಎಂದು ದೇವಕಿ ಮೇಲಿಂದ ಕೂಗಿದರು. ಗೇಟಿನ ಚೌಕಿದಾರ ಎದ್ದು ನಿಂತು ಸೆಲ್ಯೂಟ್ ಹೊಡೆದ, ಆದರೆ ಕಣ್ಣನ್ನು ಬೇರೆ ಕಡೆ ತಿರುಗಿಸಿಕೊಂಡ. ಕಾರಿನ ಬಾನೆಟ್ಟಿಗೆ ಅಡ್ಡ ನಿಂತು, ಹಲ್ಲು ಕಟಕಟಿಸುತ್ತಾ, ಅವರು ಹೇಳಿಬಿಟ್ಟರು.

"ಪುಟ್ಟೀ, ರೈಫಲ್ ಸರಿಯಾಗಿದೆ. ನೀನೂ ಸರಿಯಾಗಿದ್ದೀಯ. ಕೆಟ್ಟಿರೋದು ನಾನು. ಆಯುಧಪೂಜೆ ದಿನ ಬೋಲ್ಟಿಗೆ ಕೊಬ್ಬರಿ ಎಣ್ಣೆ ಬಿಟ್ಟೆ. ಅದು ಚಳಿಗೆ ಹೆಪ್ಪುಗಟ್ಟಿ ಒಳಗಿನ ಸೂಜಿಗೆ ಅಡ್ಡ ಕೂತಿದೆ. ಗುಂಡಿಗೆ ಪೆಟ್ಟೇ ಬೀಳ್ತಿಲ್ಲ."

ಸ್ಫೂರ್ತಿ ಕಿಟಕಿ ಇಳಿಸಿದಳು. "ಕೊಬ್ಬರಿ ಎಣ್ಣೆ? ಮೇರೀ ರೈಫಲ್ ಮೇ? ನನಗೆ ಡ್ಯಾನ್ಸ್ ಬರಲ್ಲ ಅಂದ್ಯಲ್ಲಪ್ಪಾ ಅವತ್ತು!"

"ಅಂದೆ. ತಪ್ಪಾಯ್ತು ಕಣೇ."

ಅವಳಿಗೆ ಕೋಪ ಬಂದಿತ್ತು, ಬರಬೇಕಾದ್ದೇ. ಆದರೆ ಡಿಸೆಂಬರಿನ ಚಳಿಯಲ್ಲಿ ಟವಲ್ ಸುತ್ತಿಕೊಂಡು ಮೈಯೆಲ್ಲ ನಡುಗಿಸುತ್ತಾ ನಿಂತ ಅಪ್ಪನ ಮೇಲೆ ಎಷ್ಟು ಹೊತ್ತು ಕೋಪಿಸಿಕೊಳ್ಳುವುದು? ಮೊದಲು ತುಟಿ ಕಚ್ಚಿದಳು, ಆಮೇಲೆ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಕುಲುಕುಲು ನಕ್ಕಳು. "ಚಲೋ, ಮೇಲೆ ನಡಿ. ನ್ಯುಮೋನಿಯಾ ಆದ್ರೆ ಅಮ್ಮ ನನ್ನ ಬೈತಾಳೆ."

ಊಟದ ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ ಬೋಲ್ಟ್ ಬಿಚ್ಚಿದರು. ಸೂಜಿಯ ಸುತ್ತ ತುಪ್ಪದ ಹಾಗೆ ಬೆಳ್ಳಗೆ ಹೆಪ್ಪು. ಸೀಮೆಎಣ್ಣೆಯಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಮತ್ತೆ ಜೋಡಿಸಿದರು. ಮಾಡಿದ್ದುಣ್ಣೋ ಮಹಾರಾಯ ಎಂದು ದೇವಕಿ ಗೊಣಗಿದ್ದು ಅವರಿಗೆ ಕೇಳಿಸಿತು, ಕೇಳಿಸದವರಂತೆ ಇದ್ದರು. ಕೊನೆಗೆ ಬೋಲ್ಟನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದು ಫ್ರಿಜ್ಜಿನೊಳಗಿಟ್ಟರು. ಬೆಳಗಿನ ಚಳಿಯನ್ನೂ ತಡೆಯುತ್ತದೋ ಇಲ್ಲವೋ ನೋಡಬೇಕಲ್ಲ.

"ರೀ! ನನ್ನ ದೋಸೆ ಹಿಟ್ಟಿನ ಪಕ್ಕ ಬಂದೂಕಿನ ಬೋಲ್ಟಾ!"

"ಸಂಜೆವರೆಗೂ ಸ್ವಲ್ಪ ಹೊಂದ್ಕೊಳ್ಳೇ ಮಾರಾಯ್ತಿ."

ಸಂಜೆ ತೆಗೆದಾಗ ಡಬ್ಬಿ ಕೈ ಸುಡುವಷ್ಟು ತಣ್ಣಗಿತ್ತು. ಸ್ಫೂರ್ತಿ ಅಪ್ಪನ ಮುಂದೆ ಅದನ್ನಿಟ್ಟು, "ಹೇಳಪ್ಪಾ, ಪಾಸಾ?" ಅಂದಳು. ನಸೀರ್ ಮಿಯಾನ ಅಂಗಡಿ ಮುಚ್ಚಲು ಇನ್ನೂ ಹೊತ್ತಿತ್ತು. ಬೇಡ ಅಂದರೆ ಈಗಲೂ ಹೋಗಬಹುದಿತ್ತು.

ದಕ್ಷಿಣಾಮೂರ್ತಿಯವರು ಕೈಕಟ್ಟಿ ಹಿಂದೆ ಸರಿದು ಕೂತರು. "ನಾನು ಹೇಳೋ ಹಾಗಿಲ್ಲ. ತಾನು ಕೈ ಹಾಕಿದ ಮಾಲನ್ನ ತಾನೇ ಪಾಸು ಮಾಡಬಾರದು, ಅದು ನಮ್ಮಲ್ಲಿ ಕಟ್ಟುನಿಟ್ಟು. ನೀನು ನೋಡಿ ಹೇಳು."

ಸ್ಫೂರ್ತಿ ಕನ್ನಡಕವಿಲ್ಲದಿದ್ದರೂ ಮೂಗಿನ ಮೇಲೊಂದು ಬೆರಳಿಟ್ಟುಕೊಂಡು ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಅಣಕಿಸುವುದಕ್ಕೇ ಶುರು ಮಾಡಿದವಳು ಅರ್ಧಕ್ಕೆ ನಿಜವಾಗಿಯೇ ನೋಡತೊಡಗಿದಳು. ಬೋಲ್ಟನ್ನು ರೈಫಲ್ಲಿಗೆ ಹಾಕಿ, ಒಳಗೆ ಖಾಲಿ ತೋಟಾ ಇಟ್ಟು, ಟ್ರಿಗರ್ ಒತ್ತಿದಳು. ಮತ್ತೆ ಒತ್ತಿದಳು, ಮತ್ತೆ. ಪ್ರತಿ ಸಲವೂ ಚುರುಕಾದ, ಒಣಗಿದ "ಟಕ್". ಬೆರಳ ಗೆಣ್ಣಿನಿಂದ ರೈಫಲ್ಲಿನ ಮರದ ಮೇಲೆ ತಟ್ಟಿ, "ಪಾಸು" ಅಂದಳು. ದಕ್ಷಿಣಾಮೂರ್ತಿಯವರು ಎದ್ದು ಹೋಗಿ ಎದುರು ಮನೆಯ ಟೋಸ್ಟರನ್ನು ನೋಡಿ ಬಂದರು.

ಭಾನುವಾರ ಮುಂಜಾನೆ ರೇಂಜಿನಲ್ಲಿ ಮೈ ಕೊರೆಯುವ ಚಳಿ. ಈ ಸಲ ಅವರು ಮಗಳ ಜೊತೆಯಲ್ಲೇ, ಕತ್ತಲಿರುವಾಗಲೇ ಎದ್ದು ಬಂದಿದ್ದರು. ಮೊದಲ ಗುಂಡಿಗೆ ಅವಳು ಉಸಿರು ಹಿಡಿದಾಗ ಇವರೂ ಹಿಡಿದರು. ಹಾರಿತು. ಎರಡನೆಯದೂ ಹಾರಿತು. ಆಮೇಲೆ ಅವರು ಎಣಿಸುವುದು ಬಿಟ್ಟು ಮಗಳ ಭುಜವನ್ನೇ ನೋಡುತ್ತಾ ಕೂತರು. ಹಿಂದಿನ ವಾರಗಳ ಬಿಗಿತ ಅಲ್ಲಿರಲಿಲ್ಲ. ಮಧ್ಯಾಹ್ನ ಫಲಕದ ಮೇಲೆ ತಂಡದ ಹೆಸರುಗಳು ಬಿದ್ದವು. ಕಡೆಯದು ಸ್ಫೂರ್ತಿಯದು. ಕಡೆಯದಾದರೇನು, ತಂಡದ ಒಳಗೇ ಇತ್ತಲ್ಲ!

ಗೆಳತಿಯರು ಮುತ್ತಿಕೊಂಡು, ಯಾವ ಮಿಸ್ತ್ರಿಯ ಹತ್ತಿರ ಮಾಡಿಸಿದೆ, ಕರೋಲ್ ಬಾಗಿನವನೇನಾ ಎಂದು ಹಿಂದಿಯಲ್ಲಿ ಕೇಳಿದರು.

ಸ್ಫೂರ್ತಿ ಅಪ್ಪನ ತೋಳು ಹಿಡಿದು ಮುಂದಕ್ಕೆ ಎಳೆದಳು. "ಇಲ್ಲ, ದ್ವಾರಕಾದವರು. ಕಾರ್ಖಾನೆ ರೈಫಲ್ಲಿಗೆ ಏನೂ ಮಾಡಿಸೋದೇ ಬೇಡ ಅಂತಾರೆ, ಅದು ನಿಜಾನೇ. ಆದ್ರೆ ಇವರ ಕೈಗೆ ಎಣ್ಣೆ ಬಾಟಲಿ ಮಾತ್ರ ಕೊಡಬೇಡಿ."

ಎಲ್ಲರಿಗಿಂತ ಜೋರಾಗಿ ನಕ್ಕವರು ದಕ್ಷಿಣಾಮೂರ್ತಿಯವರೇ.