ಅಕ್ಕ ಒಬ್ಬಳೇ ಹೋಗುತ್ತಿದ್ದ ಸಾಲು

ಅಕ್ಕ ಚಾಮರಾಜನಗರದ ಆಸ್ಪತ್ರೆಯಲ್ಲಿ ಜ್ವರದಿಂದ ತೀರಿಕೊಂಡಳು. ಐದನೆಯ ತಿಂಗಳಿಗೆ ಅವಳ ಮಗಳ ಮದುವೆಯಾಯಿತು. ಸಾವಾದ ಮನೆಯಲ್ಲಿ ವರ್ಷದೊಳಗೆ ಮದುವೆ ಮುಗಿಸಬೇಕು ಎಂಬುದು ನಮ್ಮ ಕಡೆಯ ಮಾತು. ಅಳು ಮುಗಿಯುವವರೆಗೆ ಯಾರೂ ಕಾಯುವುದಿಲ್ಲ.

ಬೇಗೂರಿನ ಸುತ್ತ ಮದುವೆಗಳಲ್ಲಿ ಸೋಬಾನೆ ಹೇಳಲು ಅಕ್ಕನನ್ನೂ ನನ್ನನ್ನೂ ಕರೆಯುತ್ತಿದ್ದರು. ನಾವಿಬ್ಬರು ಸಾಲು ಎತ್ತಿಕೊಟ್ಟರೆ ಉಳಿದ ಹೆಂಗಸರು ಹಿಂದೆ ಹಾಡುತ್ತಿದ್ದರು. ಮದುಮಗಳನ್ನು ಹಸೆಗೆ ಕರೆಯುವ ಪದದಲ್ಲಿ ಮೂರನೆಯ ಸಾಲು ಥಟ್ಟನೆ ಮೇಲೇರುತ್ತದೆ. ಅಲ್ಲಿ ನಾನು ನಿಲ್ಲುತ್ತಿದ್ದೆ, ಅಕ್ಕ ಒಬ್ಬಳೇ ಹೋಗುತ್ತಿದ್ದಳು. ದನಿ ಎದೆಯನ್ನು ಬಿಟ್ಟು ನೆತ್ತಿಯಲ್ಲೆಲ್ಲೋ ಸಣ್ಣಗೆ, ಒಡೆಯದೆ ನಿಲ್ಲುತ್ತಿತ್ತು.

ನನಗೆ ಕಲಿಸಲು ಅವಳು ಬಹಳ ಪಾಡುಪಟ್ಟಳು. ಅರಿಶಿನ ಬೇಯಿಸುವ ಕೊಪ್ಪರಿಗೆಯ ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಗಂಟಲಿನ ಉಂಡೆಯ ಮೇಲೆ ಹಳದಿ ಬೊಟ್ಟಿಟ್ಟು, ಕೈಗೆ ಕನ್ನಡಿ ಕೊಡುತ್ತಿದ್ದಳು. ಶಾಲೆಯ ಪುಸ್ತಕದಲ್ಲಿ ಅದಕ್ಕೆ ಧ್ವನಿಪೆಟ್ಟಿಗೆ ಎಂದು ಬರೆದಿತ್ತು. ಅಕ್ಕನಿಗೆ ಅದು ಉಂಡೆಯೇ. ನಾನು ಮೇಲಿನ ಸ್ವರಕ್ಕೆ ಹೋದ ಕೂಡಲೇ ಬೊಟ್ಟು ಗದ್ದದ ಕಡೆಗೆ ಓಡುತ್ತಿತ್ತು.

"ಅದ್ಯಾಕಮ್ಮಿ ಕೋಳಿ ನೀರು ಕುಡ್ದಂಗೆ ಮೊಕ ಎತ್ತೀಯೆ? ಇದೇನ್ ಒಲದಲ್ಲಿ ಅಂದಿ ಓಡ್ಸೋ ಕೂಗಾ? ಪದ ಮೇಲಕ್ಕೆ ಓಗ್ಲಿ, ಉಂಡೆ ಇದ್ದಲ್ಲೇ ಇರ್ಲಿ. ಆಕಳಿಕೆ ಬರೋ ಮುಂಚೆ ಗಂಟ್ಲು ಸಡ್ಲ ಆಯ್ತದಲ್ಲ, ಅಂಗೆ."

ಅವಳ ಮಾತು ಸರಿಯಾಗಿತ್ತು. ಗುಂಡ್ಲುಪೇಟೆ ಕಡೆಯ ಮದ್ದೂರಿನ ಕಾಡಂಚಿನ ಹೊಲದಲ್ಲಿ ಹಂದಿ ಓಡಿಸಲು ಕೂಗಿ ಕೂಗಿ ಬೆಳೆದ ಗಂಟಲು ನನ್ನದು. ಅವಳೂ ಅದೇ ಹೊಲದಲ್ಲಿ ಕೂಗಿದವಳು, ಅವಳಿಗೆ ಆ ಅಭ್ಯಾಸ ಹೇಗೆ ತಪ್ಪಿತೋ ನಾನು ಕೇಳಲಿಲ್ಲ. "ನೀನಿದ್ದೀಯಲ್ಲಕ್ಕ, ನಂಗ್ಯಾಕೆ?" ಎಂದು ಬೊಟ್ಟು ಒರೆಸಿಕೊಂಡು ಏಳುತ್ತಿದ್ದೆ.

ಮದುವೆಗೆ ತಿಂಗಳಿರುವಾಗ ಅಕ್ಕನ ಮಗಳು ಗುಂಡ್ಲುಪೇಟೆಯ ನಮ್ಮ ಮನೆಗೆ ಬಂದಳು. "ಚಿಕ್ಕವ್ವ, ಹಸೆಗೆ ಕರೆಯೋ ಪದ ಅವ್ವ ಏಳ್ತಿದ್ದಂಗೇ ಏಳು. ಬ್ಯಾರೆ ಏನೂ ಕೇಳಕ್ಕಿಲ್ಲ" ಎಂದಳು. ಅವಳ ಮೊಬೈಲಿನಲ್ಲಿ ಅಕ್ಕ ಹಾಡುವ ವಿಡಿಯೊ ಒಂದಿದೆ. ಓಲಗದ ಸದ್ದಿನಲ್ಲಿ ಬಾಯಿ ಆಡುವುದು ಮಾತ್ರ ಕಾಣುತ್ತದೆ. ನಾನು ಆಗಲಿ ಎಂದೆ.

ದಿನವೂ ಕನ್ನಡಿಯ ಮುಂದೆ ನಿಂತೆ. ಉಂಡೆಯನ್ನು ಬಲವಂತವಾಗಿ ಕೆಳಗೆ ಒತ್ತಿದರೆ ದನಿ ಮಡಕೆಯೊಳಗಿಂದ ಬಂದ ಹಾಗೆ ದಪ್ಪವಾಗುತ್ತಿತ್ತು. ಬಿಟ್ಟರೆ ಮೇಲೆ ಓಡಿ ಕತ್ತು ಹಿಸುಕಿದ ಹಾಗಾಗುತ್ತಿತ್ತು. ಇವೆರಡರ ನಡುವೆ ಅಕ್ಕ ಏನು ಮಾಡುತ್ತಿದ್ದಳೆಂದು ಯಾರನ್ನು ಕೇಳಲಿ?

ಚಪ್ಪರದ ಕೆಳಗೆ ಮೊದಲೆರಡು ಸಾಲು ಚೆನ್ನಾಗಿಯೇ ಬಂದವು. ಮೂರನೆಯದಕ್ಕೆ ಗದ್ದ ತಾನಾಗಿ ಮೇಲೆದ್ದಿತು. ದನಿ ಸೀಳಿ, ನಿಂತೇ ಹೋಯಿತು. ಎಲ್ಲರೂ ನನ್ನನ್ನೇ ನೋಡಿದರು.

"ಬುಡು ತಾಯಿ, ಈ ಸೆಕೆಲಿ ಕೋಗಿಲೆ ಗಂಟ್ಲೂ ಒಣಗ್ತದೆ" ಎಂದು ಪಕ್ಕದಲ್ಲಿದ್ದ ಮುದುಕಿ ನಗಿಸಿ, ಸಾಲನ್ನು ಕೆಳಗಿನ ಸ್ವರಕ್ಕೆ ತಗ್ಗಿಸಿ ಹಿಡಿದಳು. ಎಲ್ಲರೂ ಅವಳ ಹಿಂದೆ ಹೋದರು. ಮದುಮಗಳು ತಲೆ ತಗ್ಗಿಸಿಕೊಂಡು ಹಸೆಯ ಮೇಲೆ ಕುಳಿತಳು. ಆಮೇಲೆ "ಚೆನ್ನಾಗಿತ್ತು ಚಿಕ್ಕವ್ವ" ಎಂದಳು, ನನ್ನ ಮುಖ ನೋಡದೆ.

ಈಗ ನಮ್ಮ ಕಡೆ ಆ ಸಾಲನ್ನು ತಗ್ಗಿನಲ್ಲೇ ಹಾಡುತ್ತಾರೆ. ಹೊಸದಾಗಿ ಸೇರಿದ ಹೆಣ್ಣುಮಕ್ಕಳಿಗೆ ಅದು ಮೊದಲಿನಿಂದಲೂ ಹಾಗೆಯೇ ಇದ್ದ ಪದ. ಹಾಗಲ್ಲ ಎಂದು ಹೇಳಬಲ್ಲೆ, ಹಾಡಿ ತೋರಿಸಲಾರೆ. ನಾನೂ ಅವರೊಂದಿಗೆ ತಗ್ಗಿನಲ್ಲೇ ಹಾಡುತ್ತೇನೆ.