ಬಾಯಲ್ಲಿ ಪಿನ್ನಿಟ್ಟು ಅಂದ ಹೂಂ

ಟೈಲರಕ್ಕನ ಬಾಯಲ್ಲಿ ಹಗಲೆಲ್ಲ ಗುಂಡುಪಿನ್ನು. ಗಿರಾಕಿಯನ್ನು ಕನ್ನಡಿಯ ಮುಂದಿನ ಮಣೆಯ ಮೇಲೆ ನಿಲ್ಲಿಸಿ, ತಾನು ನೆಲಕ್ಕೆ ಮಂಡಿಯೂರಿ, ಗೌನಿನ ಅಂಚು ಮಡಚುತ್ತಾ, ತುಟಿಗಳ ನಡುವಿನಿಂದ ಒಂದೊಂದೇ ಪಿನ್ನು ಎಳೆದು ಚುಚ್ಚುತ್ತಾ ಹೋಗುವುದು ಅವಳ ರೀತಿ. ಪಿನ್ನು ಚುಚ್ಚಿಡಲು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪುಟ್ಟ ದಿಂಬು ಸಿಗುತ್ತದೆ, ಮಗಳು ಒಂದನ್ನು ತಂದೂ ಕೊಟ್ಟಿದ್ದಳು. ಅದು ಮಿಷನ್ನಿನ ಡ್ರಾಯರಿನಲ್ಲಿ ದಾರದುಂಡೆಗಳ ಜೊತೆ ಬಿದ್ದಿತ್ತು. "ಕೈ ಅಲ್ಲಿಗೆ ಹೋಗಲ್ಲ ಕಣೆ, ಬಾಯಿಗೇ ಹೋಗುತ್ತೆ" ಎನ್ನುತ್ತಿದ್ದಳು. ಇನ್ನು ಬಾಯಲ್ಲಿ ಐದಾರು ಪಿನ್ನು ಕಚ್ಚಿಕೊಂಡವರು ಮಾತಾಡುವುದಾದರೂ ಹೇಗೆ? ಗಿರಾಕಿ ಏನೇ ಹೇಳಲಿ, ಇವಳದು ಒಂದೇ ಉತ್ತರ: "ಹೂಂ."

ಈ ಹೂಂ ಇದೆಯಲ್ಲ, ಇದು ನಮ್ಮ ಮಾತಿನಲ್ಲಿ ಬಲು ಅನುಕೂಲದ್ದು. ಹೌದು ಎಂದೂ ಆಗುತ್ತದೆ, ಕೇಳುತ್ತಿದ್ದೇನೆ ಮುಂದೆ ಹೇಳು ಎಂದೂ ಆಗುತ್ತದೆ. ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟದಿದ್ದರೆ ಅವಳು ಕಥೆ ನಿಲ್ಲಿಸಿ ಮಗ್ಗುಲು ಬದಲಿಸಿಬಿಡುತ್ತಾಳೆ. ಹಾಗೆಂದು ಹೂಂಗುಟ್ಟಿದ ಮಕ್ಕಳು ಕಥೆಯ ರಾಕ್ಷಸಿಯನ್ನು ಕಣ್ಣಾರೆ ಕಂಡೆವು ಎಂದು ಸಾಕ್ಷಿ ಹೇಳಿದ ಹಾಗಲ್ಲ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ತಮಗೆ ಬೇಕಾದ ಅರ್ಥವನ್ನೇ ಹೆಕ್ಕಿಕೊಳ್ಳುವವರಿಗೆ ಏನು ಹೇಳುವುದು?

ಮಣೆ ಹತ್ತಿದ ಕೂಡಲೇ ಜನರಿಗೆ ಅದೇನಾಗುತ್ತಿತ್ತೋ, ಪ್ರಪಂಚದ ಮೇಲೊಂದು ಅಭಿಪ್ರಾಯ ಹೊರಗೆ ಬರಲೇಬೇಕು. ಔಷಧಿ ಅಂಗಡಿಯವನ ಹೆಂಡತಿ, "ಈ ಮೊಬೈಲು ಬಂದಿದ್ದೇ ಬಂದಿದ್ದು, ಮನೆಮನೆ ಹಾಳಾಯ್ತು ನೋಡಿ" ಎಂದು ಮೊಬೈಲು ನೋಡುತ್ತಲೇ ಹೇಳುವಳು. ಹೂಂ. ಕೋಟಿನ ತೋಳು ಚಿಕ್ಕದು ಮಾಡಿಸಲು ಬಂದ ನಿವೃತ್ತ ಮೇಷ್ಟ್ರು, ಮೊಬೈಲೊಂದು ಇಲ್ಲದಿದ್ದರೆ ದೊಡ್ಡವರ ಬಂಡವಾಳ ಬಯಲಾಗುತ್ತಲೇ ಇರಲಿಲ್ಲ ಎನ್ನುವರು. ಅದಕ್ಕೂ ಹೂಂ. ಒಬ್ಬಳಿಗೆ ಯುದ್ಧವಾಗಿ ಅವರಿಗೆಲ್ಲ ಬುದ್ಧಿ ಕಲಿಸಲೇಬೇಕು. ಅವಳ ಹಿಂದೆಯೇ ಬಂದವಳಿಗೆ ಯುದ್ಧದ ಸುದ್ದಿ ಕೇಳಿದರೆ ನಿದ್ದೆ ಬರುವುದಿಲ್ಲ. ಹೂಂ, ಹೂಂ. "ಇನ್ನು ಸ್ವಲ್ಪ ದಿನಕ್ಕೆ ಬಟ್ಟೆ ಹೊಲಿಯೋದೂ ಕಂಪ್ಯೂಟರೇ. ಆಗ ನೀವೆಲ್ಲ ಏನ್ ಮಾಡ್ತೀರಕ್ಕಾ?" ಎಂದು ಕಾಲೇಜಿನ ಹುಡುಗಿಯೊಬ್ಬಳು ಕನಿಕರದಿಂದ ಕೇಳಿದಾಗಲೂ ಟೈಲರಕ್ಕ ಹೂಂ ಅಂದು, ಅವಳ ಪ್ಯಾಂಟಿನ ಕಾಲು ಮಡಚಿದ್ದಳು.

ಇದರಲ್ಲಿ ಜಾಣತನವೂ ಇತ್ತು, ಸುಳ್ಳೇಕೆ. ಬೀದಿಯ ಆ ತುದಿಯಲ್ಲಿ ಇನ್ನೊಬ್ಬ ಟೈಲರ್ ಇದ್ದ, ಕೈ ಇವಳಿಗಿಂತ ಚೊಕ್ಕ. ಆದರೆ ಚುನಾವಣೆಯ ಸಮಯದಲ್ಲಿ ಗಿರಾಕಿಗಳ ಜೊತೆ ವಾದಕ್ಕೆ ಬಿದ್ದ. ಎಲ್ಲರನ್ನೂ ವಾದದಲ್ಲಿ ಸೋಲಿಸಿದ. ಸೋತವರು ತಮ್ಮ ಬಟ್ಟೆ ತೆಗೆದುಕೊಂಡು ಇವಳ ಅಂಗಡಿಗೆ ಬಂದರು, ಅವನು ಬಾಗಿಲು ಹಾಕಿಕೊಂಡು ಹೋದ. "ನಿಂದು ಹೌದಪ್ಪನ ಚಾವಡಿ" ಎಂದು ಗಂಡ ಆಡಿಕೊಂಡರೆ, "ಆ ಚಾವಡಿಯಿಂದ್ಲೇ ಒಲೆ ಉರೀತಿರೋದು, ಸುಮ್ನಿರಿ" ಎನ್ನುವಳು. ಬೀದಿಯವರು ಅವಳನ್ನು 'ಹೂಂ ಟೈಲರ್' ಎಂದು ಕರೆಯುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು, ಬೇಜಾರಿರಲಿಲ್ಲ.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಹಿಂಭಾಗದಲ್ಲಿ ಮೈದುನ ಮತ್ತು ಅವನ ಹೆಂಡತಿ. ಈ ವಾರಗಿತ್ತಿ ಬೀದಿಯ ಮೂಲೆಯ ಶಿಶುಶಾಲೆಯಲ್ಲಿ ಆಯಾ. ಮಕ್ಕಳಿಗೆ ಊಟ ಮಾಡಿಸುವುದು, ತೊಳೆಸುವುದು, ಮಧ್ಯಾಹ್ನ ಮಲಗಿಸುವುದು ಅವಳ ಕೆಲಸ. ಟೈಲರಕ್ಕನ ಮಗಳು ಕೂಸಾಗಿದ್ದಾಗ ಹಗಲು ಮಲಗುವ ಪೈಕಿಯೇ ಅಲ್ಲ. ಮಿಷನ್ನಿನ ಸದ್ದಿಗೆ ಬೆಚ್ಚಿ ಅಳುವ ಆ ಕೂಸನ್ನು ವಾರಗಿತ್ತಿ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಓಡಾಡಿ, ಬೆನ್ನು ತಟ್ಟಿ ತಟ್ಟಿ ಮಲಗಿಸುತ್ತಿದ್ದಳು. ಅವಳ ಅಂಗೈಯಲ್ಲಿ ಅದೇನಿತ್ತೋ, ಎರಡು ಸುತ್ತು ಬರುವಷ್ಟರಲ್ಲಿ ಕೂಸಿನ ಕತ್ತು ವಾಲುತ್ತಿತ್ತು. ಆ ಕೈ ಇಲ್ಲದಿದ್ದರೆ ಈ ಅಂಗಡಿಯೇ ಇರುತ್ತಿರಲಿಲ್ಲ ಎಂದು ಟೈಲರಕ್ಕ ತಾನೇ ಎಷ್ಟೋ ಸಲ ಹೇಳಿದ್ದುಂಟು.

ಆದರೆ ಒಂದೇ ಅಂಗಳದಲ್ಲಿ ಇಬ್ಬರು ವಾರಗಿತ್ತಿಯರು ಎಂದ ಮೇಲೆ ಕೇಳಬೇಕೆ. ಆ ತಿಂಗಳು ಬಟ್ಟೆ ಒಣಹಾಕುವ ಹಗ್ಗದ ಮೇಲೆ ಜಗಳವಾಗಿತ್ತು. ಆಯಾ ಹರವಿದ ಒದ್ದೆ ಹೊದಿಕೆಯ ನೀರು, ಇಸ್ತ್ರಿ ಮಾಡಿ ನೇತುಹಾಕಿದ್ದ ಗಿರಾಕಿಯ ಕೋಟಿನ ಮೇಲೆ ತೊಟ್ಟಿಕ್ಕಿತ್ತು. "ನಿಂಗೆ ಕಣ್ಣು ಕಾಣಲ್ವಾ?" ಎಂದು ಇವಳು, "ಹಗ್ಗ ನಿನ್ನ ತವರಿಂದ ತಂದಿದ್ದಾ?" ಎಂದು ಅವಳು. ಮಾತು ಪೂರ್ತಿ ಬಿಟ್ಟಿರಲಿಲ್ಲ, ಬಿಗಿಯಾಗಿತ್ತು ಅಷ್ಟೇ.

ಹಾಗಿರುವಾಗ ಒಂದು ಬೆಳಿಗ್ಗೆ ಬ್ಯಾಂಕ್ ಮೇಡಂ ಹೊಸ ಗೌನು ತೊಟ್ಟು ಮಣೆ ಹತ್ತಿದಳು. ಅವಳ ಮಗನೂ ಅದೇ ಶಿಶುಶಾಲೆಗೆ ಹೋಗುವವನು. ಅಂಚಿಗೆ ಪಿನ್ನು ಹಾಕುತ್ತಿದ್ದಂತೆ ಮೇಡಂ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಒತ್ತಿಕೊಂಡು, ಪೋಷಕರ ಗ್ರೂಪಿಗೆ ಮಾತು ಕಳಿಸುತ್ತಿದ್ದಳು.

"ನಮ್ಮ ಪುಟ್ಟ ಮನೆಗೆ ಬಂದ್ರೂ ತೂಕಡಿಸ್ತಿರ್ತಾನೆ. ಮಧ್ಯಾಹ್ನ ಅಲ್ಲಿ ಅಷ್ಟೂ ಮಕ್ಕಳು ಒಟ್ಟಿಗೇ ಮಲಗಿಬಿಡ್ತಾರಂತೆ. ಎಲ್ಲಾದ್ರೂ ಕೇಳಿದ್ದೀರಾ? ನಂಗನ್ಸುತ್ತೆ, ಆ ಆಯಾ ಏನೋ ನಿದ್ದೆ ಔಷಧಿ ಹಾಕ್ತಾಳೆ." ಆಮೇಲೆ ಬೆರಳು ತೆಗೆಯದೆಯೇ ಕೆಳಗೆ ನೋಡಿದಳು. "ಅಲ್ವಾ ಅಕ್ಕಾ?"

"ಹೂಂ."

"ನಿಮ್ಮ ಮನೆಯವಳೇ ಅಲ್ವಾ, ನಿಮಗೆ ಗೊತ್ತಿರಲ್ವಾ!"

"ಹೂಂ."

ಟಿಂಗ್ ಎಂದಿತು ಮೊಬೈಲು. ಮಾತು ಹೋಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದು ಆಡಿದ ಮಾತಿನ ಬಗ್ಗೆ. ಇಲ್ಲಿ ಮಾತೇ ಆಡಿರಲಿಲ್ಲ. ಸಂಜೆಯ ಹೊತ್ತಿಗೆ ಬೀದಿಯ ಪ್ರತಿ ಮೊಬೈಲಿನಲ್ಲೂ ಆ ದನಿ ಇತ್ತು. ಕೆಳಗೆ ಯಾರೋ, 'ಸ್ವಂತ ವಾರಗಿತ್ತಿಯೇ ಒಪ್ಪಿಕೊಂಡಿದ್ದಾರೆ, ಕೇಳಿ' ಎಂದು ಬರೆದಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಒಬ್ಬ ತಾಯಿಗೆ ತನ್ನ ಮಗಳೂ ಹೋದ ವಾರ ಆಕಳಿಸಿದ್ದು ನೆನಪಾಯಿತು. ಇನ್ನೊಬ್ಬರು ದೂರದ ಯಾವುದೋ ಊರಿನ, ಯಾವುದೋ ವರ್ಷದ, ಯಾವುದೋ ಆಯಾಳ ಚಿತ್ರ ಹಾಕಿ ಎಚ್ಚರಿಕೆ ಎಂದರು. ಔಷಧಿ ಅಂಗಡಿಯವನು ನಿದ್ದೆ ಔಷಧಿಯ ದುಷ್ಪರಿಣಾಮಗಳನ್ನು ವಿವರಿಸಿದ. ಮರುದಿನ ಬೆಳಿಗ್ಗೆ ಆಯಾ ಕೆಲಸಕ್ಕೆ ಹೋದರೆ ಗೇಟಿನಲ್ಲೇ ತಡೆದು, ವಿಚಾರಣೆ ಆಗುವ ತನಕ ಮನೆಯಲ್ಲಿರು ಎಂದರು.

ಸಂಜೆ ಮೈದುನ ಅಂಗಡಿಯ ಬಾಗಿಲಿಗೆ ಬಂದು ನಿಂತ. ಅತ್ತಿಗೆಯ ಮುಂದೆ ಎಂದೂ ದನಿ ಎತ್ತಿದವನಲ್ಲ. "ಹಗ್ಗದ ಜಗಳಕ್ಕೆ ಇಷ್ಟು ದೊಡ್ಡ ಶಿಕ್ಷೆನಾ ಅತ್ತಿಗೆ?" ಎಂದಷ್ಟೇ ಕೇಳಿ ಹೋದ.

ಟೈಲರಕ್ಕನಿಗೆ ವಿಷಯ ತಿಳಿದದ್ದೇ ಆಗ. ಮಗಳ ಕೈಯಿಂದ ಮೊಬೈಲು ಕಸಿದು ಕೇಳಿದಳು. ತನ್ನ ಹೂಂ ತನಗೇ ಗುರುತು ಸಿಗಲಿಲ್ಲ. ಮೊದಲನೆಯದು ಬರೀ ಉಸಿರು. ಎರಡನೆಯದು ಸ್ವಲ್ಪ ಗಟ್ಟಿಯಾಗಿತ್ತು. ಮತ್ತೆ ಕೇಳಿದಳು. ಆ ಎರಡನೇ ಹೂಂನಲ್ಲಿ ಪಿನ್ನೆಷ್ಟು, ಒದ್ದೆಯಾದ ಕೋಟಿನ ಸಿಟ್ಟೆಷ್ಟು? ಯಾರೂ ಕೇಳದ ಈ ಪ್ರಶ್ನೆಯನ್ನು ಅವಳೇ ಕೇಳಿಕೊಂಡಳು. ಛೀ, ಹಾಗೇನಿಲ್ಲ, ನಾನು ಅಂಥವಳಲ್ಲ ಎಂದುಕೊಂಡಳು. ಕತ್ತರಿ ಕೆಳಗಿಟ್ಟು, ಮುಖ ತೊಳೆದು, ಶಿಶುಶಾಲೆಗೆ ಹೊರಟಳು.

ಅಲ್ಲಿ ಪೋಷಕರ ಸಭೆ ನಡೆಯುತ್ತಿತ್ತು. ದೊಡ್ಡವರೆಲ್ಲ ಮಕ್ಕಳ ಗಿಡ್ಡ ಕುರ್ಚಿಗಳಲ್ಲಿ ಮಂಡಿ ಗದ್ದಕ್ಕೆ ತಾಗಿಸಿಕೊಂಡು ಗಂಭೀರವಾಗಿ ಕೂತಿದ್ದರು. ಮಣೆಯ ಮೇಲೆ ನಿಂತು ಯುದ್ಧ, ಶಾಂತಿ, ಮೊಬೈಲು ಎಂದವರೆಲ್ಲ ಅಲ್ಲಿದ್ದರು. ಎಲ್ಲರ ಸೊಂಟದ ಅಳತೆಯೂ ಅವಳಿಗೆ ಬಾಯಿಪಾಠ. ಎದ್ದು ನಿಂತು ಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ.

"ನಾನು ಹೌದು ಅಂದಿಲ್ಲ" ಎಂದಳು. "ಬಾಯಲ್ಲಿ ಪಿನ್ನಿತ್ತು."

ಯಾರೋ ಕಿಸಕ್ಕೆಂದರು. ಒಬ್ಬರ ನಗು ಇನ್ನೊಬ್ಬರಿಗೆ ಅಂಟಿತು. ಶಿಶುಶಾಲೆ ನಡೆಸುವ ದೊಡ್ಡ ಮಿಸ್ ಕೂಡ ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು.

"ನೀವು ಹೂಂ ಅಂದಿದ್ದು ಎಲ್ಲರೂ ಕೇಳಿದ್ದೀವಿ ಅಕ್ಕಾ" ಎಂದಳು ಬ್ಯಾಂಕ್ ಮೇಡಂ. ದನಿ ಬೆಣ್ಣೆಯ ಹಾಗಿತ್ತು. "ಮನೆಯವರು ಗಲಾಟೆ ಮಾಡಿರ್ತಾರೆ, ನಮಗೆ ಅರ್ಥ ಆಗುತ್ತೆ. ನಿಮ್ಮ ಮೇಲೆ ನಮಗೇನೂ ಕೋಪ ಇಲ್ಲ."

"ನೀವು ಏನಂದ್ರೂ ನಾನು ಹೂಂ ಅಂತೀನಿ ಮೇಡಂ! ಎಲ್ಲರಿಗೂ ಅಂತೀನಿ! ಇವರು ಯುದ್ಧ ಬೇಕು ಅಂದ್ರೂ ಹೂಂ ಅಂದೆ, ಅವರು ಬೇಡ ಅಂದ್ರೂ ಹೂಂ ಅಂದೆ!"

ಈಗ ಯಾರೂ ನಗಲಿಲ್ಲ. ಔಷಧಿ ಅಂಗಡಿಯವನ ಹೆಂಡತಿಯ ಮುಖ ಬಿಗಿಯಿತು. ನಿವೃತ್ತ ಮೇಷ್ಟ್ರು ಮೊಮ್ಮಗನ ಪರವಾಗಿ ಬಂದಿದ್ದರು, ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. ಇಷ್ಟು ವರ್ಷ ತಮ್ಮ ಮಾತಿಗೆ ತಲೆದೂಗಿದವಳು ಒಂದನ್ನೂ ಒಪ್ಪಿರಲಿಲ್ಲವೇ? ಆಯಾಳ ಮೇಲಿನ ಸಿಟ್ಟಿಗಿಂತ ಇದು ಅವರಿಗೆ ಹೆಚ್ಚು ಚುಚ್ಚಿದಂತಿತ್ತು.

"ಸರಿ, ಔಷಧಿ ಕೊಡಲ್ಲ ಅಂತ ನೀವು ಕಣ್ಣಾರೆ ನೋಡಿದ್ದೀರಾ?" ಎಂದು ಕೇಳಿದರು ಮೇಷ್ಟ್ರು.

ಕೊಡದೇ ಇರುವುದನ್ನು ನೋಡುವುದು ಹೇಗೆ? "ನನ್ನ ಮಗಳನ್ನ ಅವಳೇ ಮಲಗಿಸ್ತಿದ್ಲು ಸಾರ್. ಬರೀ ಬೆನ್ನು ತಟ್ಟಿ. ಆ ಕೈಯೇ ಹಾಗೆ" ಎಂದಳು. ಸತ್ಯವೇ ಆದರೂ ಸಭೆಯಲ್ಲಿ ಹೇಳಿದಾಗ ಅದು ಅವಳ ಕಿವಿಗೇ ಕಟ್ಟುಕಥೆಯ ಹಾಗೆ ಕೇಳಿಸಿತು.

"ಒಂದ್ಸಲ ಹೂಂ, ಒಂದ್ಸಲ ಉಹೂಂ. ಯಾವುದನ್ನ ನಂಬೋದು?" ಎಂದಿತು ಹಿಂದಿನ ಸಾಲು.

ದೊಡ್ಡ ಮಿಸ್ ಬೆಣ್ಣೆಯಿಂದ ಕೂದಲು ತೆಗೆದಂತೆ ವಿಷಯ ಮುಗಿಸಿದರು. ತಮಗೆ ಯಾರ ಮೇಲೂ ಅನುಮಾನವಿಲ್ಲ, ಯಾರ ತಪ್ಪೂ ಸಾಬೀತಾಗಿಲ್ಲ, ಆದರೆ ಪೋಷಕರ ನೆಮ್ಮದಿಯೇ ಮುಖ್ಯ, ಆದ್ದರಿಂದ ನಾಳೆಯಿಂದ ಬೇರೆ ಆಯಾ ಬರುತ್ತಾರೆ. ಎಲ್ಲರೂ ಗಿಡ್ಡ ಕುರ್ಚಿಗಳಿಂದ ಕಷ್ಟಪಟ್ಟು ಎದ್ದರು. ಹೊರಗೆ ಜಗುಲಿಯ ಮೇಲೆ ಬ್ಯಾಂಕ್ ಮೇಡಂನ ಮಗ ಅಪ್ಪನ ಮೊಬೈಲಿನಲ್ಲಿ ಕಾರ್ಟೂನು ನೋಡುತ್ತಾ ಕೂತಿದ್ದ. "ರಾತ್ರಿಯೆಲ್ಲ ಇದನ್ನೇ ನೋಡ್ತಾನೆ, ಕಿತ್ಕೊಂಡ್ರೆ ಊರು ಎದ್ದು ಕೂರೋ ಹಾಗೆ ಕಿರುಚ್ತಾನೆ" ಎಂದು ಅಪ್ಪ ಪಕ್ಕದವರಿಗೆ ಹೆಮ್ಮೆಯಿಂದಲೇ ಹೇಳುತ್ತಿದ್ದ. ಟೈಲರಕ್ಕ ಅದನ್ನು ಕೇಳಿದಳು. ತಿರುಗಿ ಒಳಗೆ ಹೋಗಿ ಕಿರುಚಿ ಹೇಳಬೇಕೆನಿಸಿತು. ಆದರೆ ಒಳಗೆ ದೀಪ ಆರಿಸಿ ಬಾಗಿಲು ಹಾಕುತ್ತಿದ್ದರು, ಕೇಳುವವರು ಯಾರೂ ಉಳಿದಿರಲಿಲ್ಲ.

ಮನೆಗೆ ಬಂದವಳು ಅಂಗಡಿಗೆ ಹೋಗಲಿಲ್ಲ, ನೇರ ಹಿಂದಿನ ಅಂಗಳಕ್ಕೆ ಹೋದಳು. ವಾರಗಿತ್ತಿ ಶಾಲೆಯವರು ಕೊಟ್ಟಿದ್ದ ನೀಲಿ ಏಪ್ರನ್ನು ಒಗೆದು ಹಿಂಡುತ್ತಿದ್ದಳು, ನಾಳೆ ವಾಪಸು ಕೊಡಬೇಕಲ್ಲ. ಸುದ್ದಿ ಆಗಲೇ ಮೊಬೈಲಿನಲ್ಲಿ ಬಂದು ಮುಟ್ಟಿತ್ತು.

"ಹೋಗಿ ಹೇಳಿ ಬಂದೆ ಕಣೆ" ಎಂದಳು ಟೈಲರಕ್ಕ. "ನಂಬಲಿಲ್ಲ ಅವರು. ನೀನಾದ್ರೂ ನಂಬು. ಬಾಯಲ್ಲಿ ಪಿನ್ನಿತ್ತು. ನನ್ನ ಮಗಳಾಣೆ."

"ಮಗಳ ಮೇಲೆಲ್ಲ ಯಾಕಕ್ಕಾ ಆಣೆ?" ಎಂದಳು ವಾರಗಿತ್ತಿ, ಏಪ್ರನ್ನು ಕೊಡವುತ್ತಾ. "ಮೊಬೈಲಲ್ಲಿ ಕೇಳಿದ ತಕ್ಷಣ ಗೊತ್ತಾಯ್ತು, ಬಾಯಲ್ಲಿ ಪಿನ್ನಿತ್ತು ಅಂತ. ದಿನಾ ಗೋಡೆಯಾಚೆಯಿಂದ ಕೇಳ್ತೀನಿ, ನಿನ್ನ ಹೂಂ ನಂಗೆ ಗೊತ್ತಿಲ್ವಾ? ಇವರಿಗೆ ಅದನ್ನೇ ಹೇಳ್ದೆ, ಅಕ್ಕ ಬೇಕು ಅಂತ ಅಂದಿರಲ್ಲ ಅಂತ."

ಟೈಲರಕ್ಕನ ಕಣ್ಣು ತುಂಬಿ ಬಂತು. ಒಗೆಯುವ ಕಲ್ಲಿನ ಅಂಚಿಗೆ ಕೂತಳು.

"ಒಂದು ಕೇಳ್ಲಾ?" ಎಂದಳು ವಾರಗಿತ್ತಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಗೌನಿಗೆ ಪಿನ್ನು ಹಾಕಿ ಮುಗೀತಲ್ಲ. ಬಾಯಿ ಖಾಲಿಯಾಯ್ತಲ್ಲ. ಆಮೇಲೆ ಏನಂದೆ?"

ಸುಳ್ಳು ಹೇಳಬಹುದಿತ್ತು. ಏನೂ ಅನ್ನಲಿಲ್ಲ ಎನ್ನಬಹುದಿತ್ತು. ಆದರೆ ಆ ಬೆಳಿಗ್ಗೆ ಕಣ್ಣ ಮುಂದೆ ಹಾಗೇ ನಿಂತಿತ್ತು: ಕೊನೆಯ ಪಿನ್ನು ಚುಚ್ಚಿ, ಮಂಡಿ ಹಿಡಿದುಕೊಂಡು ಎದ್ದು, ತುಟಿ ಒರೆಸಿಕೊಂಡು, ಮೇಡಂ ಇನ್ನೂ ಮಣೆಯ ಮೇಲಿರುವಾಗಲೇ ತಾನು ಬಾಯಿ ಬಿಟ್ಟದ್ದು.

"ಕನ್ನಡಿ ನೋಡ್ಕೊಳ್ಳಿ ಮೇಡಂ, ಉದ್ದ ಸರಿ ಇದೆಯಾ, ಅಂದೆ."

ವಾರಗಿತ್ತಿ ತಲೆಯಾಡಿಸಿದಳು. ಏಪ್ರನ್ನನ್ನು ಹಗ್ಗದ ಮೇಲೆ ಹರವಿ, ಎರಡೂ ಕಡೆ ಸಮ ಎಳೆದಳು.

"ಸರಿ ಇತ್ತಾ?" ಎಂದು ಕೇಳಿದಳು.

ಉದ್ದ ಸರಿಯಾಗಿತ್ತು, ಒಂದು ನೂಲಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ.